ತೊರಿಯಾಮ ಸೆಕಿಯೆನ್

ತೊರಿಯಾಮ ಸೆಕಿಯೆನ್ (1712–1788) ಜಪಾನಿನ ಎದೋ ಕಾಲದ ಚಿತ್ರಕಾರ, ಕವಿ ಮತ್ತು ಚಿತ್ರಕಲಾ ಗುರು. ಜನರ ಕಥೆಗಳಲ್ಲಿಯೂ ಹಳೆಯ ಗ್ರಂಥಗಳಲ್ಲಿಯೂ ಬರುವ ‘ಯೋಕಾಯ್’ ಎಂಬ ವಿಚಿತ್ರ ಜೀವಿಗಳನ್ನು ಒಂದೊಂದಾಗಿ ಚಿತ್ರಿಸಿ, ಹೆಸರು ಕೊಟ್ಟು, 1776ರಿಂದ 1784ರವರೆಗೆ ನಾಲ್ಕು ಗ್ರಂಥಗಳಲ್ಲಿ ಪ್ರಕಟಿಸಿದ್ದರಿಂದ ಈತ ಪ್ರಸಿದ್ಧನಾಗಿದ್ದಾನೆ. ಈ ಗ್ರಂಥಗಳಲ್ಲಿ ಒಟ್ಟು ಸುಮಾರು 200 ಜೀವಿಗಳ ಚಿತ್ರಗಳಿವೆ. ಅವುಗಳಲ್ಲಿ ಕೆಲವು ಜನಪದ ನಂಬಿಕೆಯಿಂದ, ಕೆಲವು ಚೀನೀ ಮತ್ತು ಜಪಾನೀ ಗ್ರಂಥಗಳಿಂದ ಬಂದವು. ಉಳಿದ ಹಲವು ಸೆಕಿಯೆನ್‌ನ ಸ್ವಂತ ಕಲ್ಪನೆಯಿಂದ, ವಿಶೇಷವಾಗಿ ಶ್ಲೇಷೆಯಿಂದ ಹುಟ್ಟಿದವು. ವಿನೋದಕ್ಕಾಗಿ ಆತ ಸೃಷ್ಟಿಸಿದ ಜೀವಿಗಳಲ್ಲಿ ಕೆಲವು ಮುಂದೆ ಪ್ರಾಚೀನ ಜನಪದ ನಂಬಿಕೆಗಳೆಂದೇ ಪರಿಗಣಿತವಾದುದು ಈ ಕೃತಿಗಳ ಚರಿತ್ರೆಯ ಒಂದು ಕುತೂಹಲಕರ ಅಂಶ.

ಜೀವನ

ಸೆಕಿಯೆನ್‌ನ ನಿಜನಾಮ ಸಾನೊ ತೊಯೊಫುಸಾ. ಈತ ಎದೋ ನಗರದವನು. ಇಂದಿನ ಟೋಕಿಯೋ ನಗರಕ್ಕೆ ಆಗ ಎದೋ ಎಂಬ ಹೆಸರಿತ್ತು. ಈತನ ಮನೆತನದವರು ತೊಕುಗಾವಾ ಷೋಗನರ ಸೇವೆಯಲ್ಲಿದ್ದವರು. ಹೀಗಾಗಿ ಚಿತ್ರವನ್ನು ಹೊಟ್ಟೆಪಾಡಿನ ವೃತ್ತಿಯಾಗಿಸಿಕೊಂಡ ಬಡ ಕಲಾವಿದರ ಸಾಲಿಗೆ ಈತ ಸೇರುವುದಿಲ್ಲ.

ಚಿತ್ರಕಲೆಯನ್ನು ಈತ ಕನೋ ಪಂಥದ ಗುರುಗಳಾದ ಕನೋ ಚಿಕಾನೊಬು ಮತ್ತು ಗ್ಯೊಕುಎನ್ ಅವರಲ್ಲಿ ಕಲಿತನು. ಷೋಗನರ ಆಶ್ರಯದಲ್ಲಿ ಬೆಳೆದ ಕನೋ ಪಂಥದಲ್ಲಿ ಶಿಷ್ಯರು ಹಿಂದಿನ ಗುರುಗಳ ಮಾದರಿಗಳನ್ನು ಮತ್ತೆ ಮತ್ತೆ ನಕಲು ಮಾಡಿ ಕೈ ಪಳಗಿಸಿಕೊಳ್ಳುವುದು ರೂಢಿ. ಈ ಅಭ್ಯಾಸದಿಂದ ದೊರೆತ ಕುಂಚದ ಹಿಡಿತ ಸೆಕಿಯೆನ್‌ನ ಚಿತ್ರಗಳಲ್ಲಿ ಕೊನೆಯವರೆಗೂ ಉಳಿಯಿತು. ಆದರೆ ಆತ ಆ ಪಂಥದ ಅಧಿಕೃತ ಕಲಾವಿದನಾಗಲಿಲ್ಲ. ಪೇಟೆಯ ಓದುಗರಿಗಾಗಿ ಅಚ್ಚಾಗುವ ಚಿತ್ರಪುಸ್ತಕಗಳ ಕಡೆಗೆ ತಿರುಗಿದನು.

ಹಾಯ್ಕಾಯ್ ಕಾವ್ಯದಲ್ಲಿಯೂ ಈತನಿಗೆ ಪರಿಶ್ರಮವಿತ್ತು. ಕೆಲವೇ ಅಕ್ಷರಗಳಲ್ಲಿ ಎರಡು ಮೂರು ಅರ್ಥಗಳನ್ನು ಹೊಮ್ಮಿಸುವುದು, ಹಳೆಯ ಕೃತಿಯೊಂದನ್ನು ಜಾಣತನದಿಂದ ನೆನಪಿಸುವುದು ಈ ಕಾವ್ಯದ ಲಕ್ಷಣಗಳು. ಸೆಕಿಯೆನ್‌ನ ಯೋಕಾಯ್ ಚಿತ್ರಗಳನ್ನು ಅರ್ಥಮಾಡಿಕೊಳ್ಳಲು ಆತನ ಚಿತ್ರಕಲಾ ಶಿಕ್ಷಣದಷ್ಟೇ ಈ ಕಾವ್ಯಾಭ್ಯಾಸವೂ ಮುಖ್ಯ.

1770ರ ದಶಕದ ಮೊದಲ ಭಾಗದಲ್ಲಿ ಪ್ರಕಟವಾದ ಆತನ ಚಿತ್ರಸಂಪುಟದಲ್ಲಿ, ಅಚ್ಚಿನ ಮೇಲಿನ ಬಣ್ಣವನ್ನು ಒರೆಸಿ ಗಾಢದಿಂದ ತೆಳುವಿಗೆ ಇಳಿಸುವ ಮುದ್ರಣ ವಿಧಾನ ಬಳಕೆಯಾಗಿದೆ. ಯೋಕಾಯ್ ಗ್ರಂಥಗಳಲ್ಲಿ ಮೊದಲನೆಯದು ಹೊರಬಂದದ್ದು 1776ರಲ್ಲಿ, ಆತನಿಗೆ ಅರವತ್ತು ದಾಟಿದ ಮೇಲೆ. ಕೊನೆಯದು ಬಂದಾಗ ಆತ ಎಪ್ಪತ್ತು ದಾಟಿದ್ದನು. ಹೆಸರು ತಂದ ಕೃತಿಗಳೆಲ್ಲ ಹೀಗೆ ಇಳಿವಯಸ್ಸಿನ ಎಂಟು ವರ್ಷಗಳ ಫಲ. 1788ರಲ್ಲಿ ಸೆಕಿಯೆನ್ ನಿಧನನಾದನು.

ಹಿನ್ನೆಲೆ

ಯೋಕಾಯ್ ಎಂಬ ಪದಕ್ಕೆ ಕನ್ನಡದ ದೆವ್ವ, ಭೂತ, ಪಿಶಾಚಿ ಎಂಬ ಪದಗಳಲ್ಲಿ ಯಾವುದೂ ಪೂರ್ತಿಯಾಗಿ ಹೊಂದುವುದಿಲ್ಲ. ಸತ್ತವರ ಪ್ರೇತ, ಕೊಂಬಿರುವ ರಾಕ್ಷಸ, ಮನುಷ್ಯರೂಪ ತಾಳುವ ನರಿ, ಹೊಳೆಯಲ್ಲಿ ವಾಸಿಸುವ ಕಪ್ಪಾ, ಬೆಟ್ಟದ ಪ್ರತಿಧ್ವನಿ, ಹಳೆಯ ಮರದ ಚೇತನ, ಜೀವ ತಳೆದ ಪಾತ್ರೆ ಪಗಡಗಳು – ಇವೆಲ್ಲವೂ ಯೋಕಾಯ್‌ಗಳೇ. ಕೆಲವು ಕೊಲ್ಲುವಂಥವು, ಕೆಲವು ಕೀಟಲೆ ಮಾಡುವಂಥವು, ಇನ್ನು ಕೆಲವು ಸುಮ್ಮನೆ ಕಾಣಿಸಿಕೊಂಡು ಮರೆಯಾಗುವಂಥವು.

ಇಂತಹ ಜೀವಿಗಳು ರಾತ್ರಿಯಲ್ಲಿ ಮೆರವಣಿಗೆ ಹೊರಡುತ್ತವೆ ಎಂಬ ಕಲ್ಪನೆಗೆ ‘ಹ್ಯಾಕ್ಕಿ ಯಾಗ್ಯೋ’ (ನೂರು ಭೂತಗಳ ರಾತ್ರಿಸಂಚಾರ) ಎಂದು ಹೆಸರು. ಇದನ್ನು ಉದ್ದನೆಯ ಸುರುಳಿಗಳಲ್ಲಿ ಚಿತ್ರಿಸುವ ಪದ್ಧತಿ ಸೆಕಿಯೆನ್‌ಗಿಂತ ಬಹಳ ಹಿಂದಿನದು. ಕ್ಯೋಟೊ ನಗರದ ದಾಯ್ತೊಕು-ಜಿ ದೇವಾಲಯಕ್ಕೆ ಸೇರಿದ ಶಿಂಜು-ಆನ್‌ನಲ್ಲಿರುವ ಸುರುಳಿಚಿತ್ರ ಇವುಗಳಲ್ಲಿ ಪ್ರಸಿದ್ಧವಾದುದು. ಈ ಸುರುಳಿಗಳಲ್ಲಿ ಜೀವಿಗಳು ಗುಂಪಾಗಿ ಸಾಗುತ್ತವೆ. ಅವುಗಳಿಗೆ ಹೆಸರಿಲ್ಲ, ವಿವರಣೆಯಿಲ್ಲ. ಬೆಳಗಿನ ಬೆಳಕು ಮೂಡುತ್ತಲೇ ಮೆರವಣಿಗೆ ಚದುರಿಹೋಗುತ್ತದೆ. ಬಿಡಿ ಜೀವಿಗಳಿಗೆ ಹೆಸರು ಬರೆದ ಸುರುಳಿಗಳು ಆಮೇಲೆ ಬಂದವು. ಸಾವಾಕಿ ಸೂಶಿ 1737ರಲ್ಲಿ ರಚಿಸಿದ ‘ಹ್ಯಾಕ್ಕಾಯ್ ಜುಕಾನ್’ ಅಂಥದ್ದು. ಆದರೆ ಇವು ಕೈಯಿಂದ ಬರೆದವು, ಕೆಲವರ ಬಳಿ ಮಾತ್ರ ಇದ್ದಂಥವು.

ಇದೇ ಅವಧಿಯಲ್ಲಿ ಎರಡು ಬದಲಾವಣೆಗಳು ನಡೆದಿದ್ದವು. ಮೊದಲನೆಯದು, ವಿಶ್ವಕೋಶ ಮಾದರಿಯ ಗ್ರಂಥಗಳ ಪ್ರಸಾರ. ಚೀನಾದ ‘ಸಾನ್‌ಚಾಯ್ ತುಹ್ವೀ’ ಎಂಬ ಗ್ರಂಥವನ್ನು ಅನುಸರಿಸಿ ತೆರಾಜಿಮಾ ರ್‍ಯೋಆನ್ ಸಿದ್ಧಪಡಿಸಿದ ‘ವಾಕಾನ್ ಸಾನ್‌ಸಾಯ್ ಜುಎ’ಯಲ್ಲಿ ಗಿಡಮರ, ಪ್ರಾಣಿಪಕ್ಷಿಗಳ ಜೊತೆಗೆ ವಿಚಿತ್ರ ಜೀವಿಗಳಿಗೂ ಚಿತ್ರ ಮತ್ತು ವಿವರಣೆಗಳಿದ್ದವು. ಎರಡನೆಯದು, ಎದೋ ನಗರದಲ್ಲಿ ಹಬ್ಬಿದ್ದ ನೂರು ಕಥೆಗಳ ಕೂಟ. ರಾತ್ರಿ ನೂರು ಬತ್ತಿಗಳನ್ನು ಹಚ್ಚಿ, ಒಂದೊಂದು ಭಯಾನಕ ಕಥೆ ಮುಗಿದಂತೆ ಒಂದೊಂದನ್ನು ಆರಿಸುತ್ತಾ ಹೋಗುವುದು ಇದರ ಕ್ರಮ. ಕೊನೆಯ ಬತ್ತಿ ಆರಿದಾಗ ನಿಜವಾದ ಯೋಕಾಯ್ ಕಾಣಿಸಿಕೊಳ್ಳುತ್ತದೆ ಎಂದು ಹೇಳುತ್ತಿದ್ದರು. ಭಯವೆಂಬುದು ನಗರವಾಸಿಗಳಿಗೆ ಒಂದು ಮನರಂಜನೆಯೂ ಆಗಿದ್ದ ಈ ಕಾಲದಲ್ಲಿ ಸೆಕಿಯೆನ್‌ನ ಗ್ರಂಥಗಳು ಬಂದವು.

ನಾಲ್ಕು ಗ್ರಂಥಗಳು

ಗಾಜು ಹ್ಯಾಕ್ಕಿ ಯಾಗ್ಯೋ (1776): ‘ನೂರು ಭೂತಗಳ ರಾತ್ರಿಸಂಚಾರದ ಚಿತ್ರಗಳು’ ಎಂದು ಇದರ ಅರ್ಥ. ಯಿನ್, ಯಾಂಗ್, ಗಾಳಿ ಎಂಬ ಮೂರು ಭಾಗಗಳಿವೆ. ಹಳೆಯ ಮರದ ಚೇತನವಾದ ಕೊದಾಮಾದಿಂದ ಗ್ರಂಥ ಆರಂಭವಾಗುತ್ತದೆ. ತೆಂಗು, ಕಪ್ಪಾ, ನೆಕೊಮಾತಾ (ಮಾಯಾಬೆಕ್ಕು), ಯುಕಿ-ಒನ್ನಾ (ಹಿಮದ ಹೆಣ್ಣು) ಮೊದಲಾದ ಪರಿಚಿತ ಜೀವಿಗಳು ಇಲ್ಲಿವೆ. ಹೆಚ್ಚಿನ ಪುಟಗಳಲ್ಲಿ ಹೆಸರಿನ ಹೊರತು ವಿವರಣೆಯಿಲ್ಲ. ಚೀನಾದ ‘ಶಾನ್ ಹಾಯ್ ಜಿಂಗ್’ ಗ್ರಂಥವನ್ನೂ ಕನೋ ಪಂಥದ ಹಿರಿಯ ಚಿತ್ರಕಾರ ಮೊತೊನೊಬುವಿನ ರಾತ್ರಿಸಂಚಾರ ಚಿತ್ರವನ್ನೂ ತಾನು ಅನುಸರಿಸಿದ್ದಾಗಿ ಸೆಕಿಯೆನ್ ಗ್ರಂಥದ ಕೊನೆಯಲ್ಲಿ ಹೇಳಿಕೊಂಡಿದ್ದಾನೆ.

ಕೊಂಜಾಕು ಗಾಜು ಜೊಕು ಹ್ಯಾಕ್ಕಿ (1779): ಮೊದಲ ಗ್ರಂಥದ ಮುಂದುವರಿಕೆ. ಮಳೆ, ಕತ್ತಲೆ, ಬೆಳಕು ಎಂಬ ಮೂರು ಭಾಗಗಳಿವೆ. ಮೊದಲ ಚಿತ್ರ ಯಾವ ಜೀವಿಯದೂ ಅಲ್ಲ, ಮುಸ್ಸಂಜೆಯದು. ಇದು ವಿಚಿತ್ರ ಜೀವಿಗಳು ಹುಟ್ಟುವ ಹೊತ್ತೆಂದೂ ಆಗ ಮಕ್ಕಳನ್ನು ಹೊರಗೆ ಬಿಡಬಾರದೆಂದು ಜನ ಹೇಳುವರೆಂದೂ ಟಿಪ್ಪಣಿಯಿದೆ. ಗ್ರಂಥ ಸೂರ್ಯೋದಯದ ಚಿತ್ರದಿಂದ ಮುಗಿಯುತ್ತದೆ. ಹೀಗೆ ಇಡೀ ಪುಸ್ತಕವೇ ಒಂದು ರಾತ್ರಿಯಾಗಿದೆ. ಇಲ್ಲಿಂದ ಮುಂದೆ ಚಿತ್ರಗಳ ಜೊತೆಗೆ ವಿವರಣೆಗಳು ಹೆಚ್ಚುತ್ತವೆ.

ಕೊಂಜಾಕು ಹ್ಯಾಕ್ಕಿ ಶೂಯಿ (1781): ಹಿಂದಿನ ಸಂಪುಟಗಳಲ್ಲಿ ಬಿಟ್ಟುಹೋದವುಗಳ ಸಂಗ್ರಹವೆಂಬ ಅರ್ಥ ಬರುವ ಹೆಸರು. ಮೋಡ, ಮಂಜು, ಮಳೆ ಎಂಬ ಭಾಗಗಳಿವೆ. ಚೀನೀ ಗ್ರಂಥಗಳಿಂದ ತೆಗೆದುಕೊಂಡ ಹಾಗೂ ಸ್ವಂತವಾಗಿ ಕಲ್ಪಿಸಿದ ಜೀವಿಗಳು ಇದರಲ್ಲಿ ಅಧಿಕ.

ಹ್ಯಾಕ್ಕಿ ತ್ಸುರೆಜುರೆ ಬುಕುರೊ (1784): ಯೊಶಿದಾ ಕೆಂಕೋ ಎಂಬ ಸನ್ಯಾಸಿ 14ನೆಯ ಶತಮಾನದಲ್ಲಿ ಬರೆದ ‘ತ್ಸುರೆಜುರೆಗುಸಾ’ ಎಂಬ ಪ್ರಬಂಧಸಂಗ್ರಹದ ಹೆಸರನ್ನು ನೆನಪಿಸುವ ಶೀರ್ಷಿಕೆ ಇದು. ಜೀವ ಪಡೆದ ಮನೆಬಳಕೆಯ ವಸ್ತುಗಳು ಇಲ್ಲಿನ ಮುಖ್ಯ ವಿಷಯ. ವಸ್ತುವೊಂದು ನೂರು ವರ್ಷ ಬಾಳಿದರೆ ಅದಕ್ಕೆ ಚೇತನ ಬರುತ್ತದೆ, ಅನಾದರದಿಂದ ಎಸೆದರೆ ಅದು ಮುನಿಯುತ್ತದೆ ಎಂಬ ಹಳೆಯ ಕಲ್ಪನೆ ಜಪಾನಿನಲ್ಲಿತ್ತು. ಅಂತಹ ವಸ್ತುಗಳಿಗೆ ತ್ಸುಕುಮೊಗಾಮಿ ಎಂದು ಹೆಸರು. ಕುದುರೆಯ ಜೀನು, ರಿಕಾಪು, ಕೆಟಲಿ, ತಂತಿವಾದ್ಯಗಳು, ಪಾತ್ರೆ ಒರೆಸುವ ಬಟ್ಟೆ, ಪಿಂಗಾಣಿ ಪಾತ್ರೆಗಳಿಂದಲೇ ಮೈಕಟ್ಟಿಕೊಂಡ ಸೇನಾಪತಿ, ಕಸದ ತಿಪ್ಪೆಯ ಅರಸ – ಇವರೆಲ್ಲ ಈ ಗ್ರಂಥದ ಪಾತ್ರಗಳು.

ಚಿತ್ರಣದ ವಿಧಾನ

ಈ ಚಿತ್ರಗಳು ಮರದಚ್ಚಿನಿಂದ ಮುದ್ರಿತವಾದವು. ಚಿತ್ರಕಾರ ತೆಳುವಾದ ಕಾಗದದ ಮೇಲೆ ಬರೆದ ಚಿತ್ರವನ್ನು ಮರದ ಹಲಗೆಗೆ ಅಂಟಿಸಿ, ಕೆತ್ತನೆಗಾರ ಗೆರೆಗಳನ್ನು ಉಳಿಸಿ ಮಿಕ್ಕ ಭಾಗವನ್ನು ಕೆತ್ತಿ ತೆಗೆಯುತ್ತಿದ್ದನು. ಬಳಿಕ ಮುದ್ರಕ ಶಾಯಿ ಸವರಿ ಕಾಗದ ಒತ್ತುತ್ತಿದ್ದನು. ಸೆಕಿಯೆನ್‌ನ ಯೋಕಾಯ್ ಗ್ರಂಥಗಳಲ್ಲಿ ಕಪ್ಪು ಗೆರೆ ಮತ್ತು ಬೂದುಬಣ್ಣದ ಛಾಯೆ ಮಾತ್ರ ಇವೆ. ರಾತ್ರಿ, ಮಂಜು, ಹೊಗೆ, ನೀರು ಇವುಗಳನ್ನು ತೋರಿಸಲು ಆ ಬೂದುಬಣ್ಣವೇ ಸಾಕಾಗಿದೆ.

ಸುರುಳಿಯಲ್ಲಿ ಗುಂಪಾಗಿ ನಡೆಯುತ್ತಿದ್ದ ಜೀವಿಗಳನ್ನು ಸೆಕಿಯೆನ್ ಬಿಡಿಸಿ, ಸಾಮಾನ್ಯವಾಗಿ ಒಂದಕ್ಕೆ ಒಂದು ಪುಟದಂತೆ ಕೊಟ್ಟನು. ಪುಟದಲ್ಲಿ ಹೆಸರು, ಅದು ವಾಸಿಸುವ ಸ್ಥಳ, ಅದರ ನಿಲುವು, ಅದು ಮಾಡುವ ಕೆಲಸ ಎಲ್ಲವೂ ಇರುತ್ತವೆ. ಗಣ್ಯರ ಭಾವಚಿತ್ರ ಬರೆಯುವ ಕಲಾವಿದ ಅವರ ಉಡುಪು ಮತ್ತು ಆಸನದಿಂದ ಅಂತಸ್ತನ್ನು ಸೂಚಿಸುವಂತೆ, ಸೆಕಿಯೆನ್ ಸುತ್ತಲಿನ ವಸ್ತುಗಳಿಂದ ಯೋಕಾಯ್‌ನ ಸ್ವಭಾವವನ್ನು ಸೂಚಿಸುತ್ತಾನೆ. ಕೊದಾಮಾ ಪುಟದಲ್ಲಿ ಹಳೆಯ ಮರದ ಬಳಿ ಮುದುಕ ಮುದುಕಿಯರು ನಿಂತಿದ್ದಾರೆ. ನೆಕೊಮಾತಾ ತಲೆಗೆ ವಸ್ತ್ರ ಹಾಕಿಕೊಂಡು ಎರಡು ಕಾಲಿನ ಮೇಲೆ ನಿಂತಿದೆ. ಜನ ಮಲಗಿದ ಮೇಲೆ ಬಚ್ಚಲಿನ ಕೊಳೆ ನೆಕ್ಕುವ ಅಕಾನಾಮೆ ಬಚ್ಚಲುಮನೆಯ ಮೂಲೆಯಿಂದ ನಾಲಿಗೆ ಚಾಚಿ ಇಣುಕುತ್ತದೆ. ಭಯ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಇವು ಗುರುತು ಹಿಡಿಯುವಂತೆ ಮಾಡುತ್ತವೆ.

ರೂಪಕ್ಕೆ ಕಾರಣ ಹೇಳುವುದು ಟಿಪ್ಪಣಿಗಳ ಇನ್ನೊಂದು ಗುಣ. ಓನಿ ಎಂಬ ರಾಕ್ಷಸನಿಗೆ ಎತ್ತಿನ ಕೊಂಬು, ಸೊಂಟಕ್ಕೆ ಹುಲಿಯ ಚರ್ಮ ಏಕೆ ಎಂಬುದಕ್ಕೆ ಸೆಕಿಯೆನ್ ಹೀಗೆ ವಿವರಣೆ ಕೊಡುತ್ತಾನೆ: ರಾಕ್ಷಸರು ಬರುವ ಬಾಗಿಲೆಂದು ನಂಬಲಾದ ಈಶಾನ್ಯ ದಿಕ್ಕಿಗೆ ಹಳೆಯ ಗಣನೆಯಲ್ಲಿ ‘ಎತ್ತು–ಹುಲಿ’ ಎಂದು ಹೆಸರು, ಈ ಎರಡು ಪ್ರಾಣಿಗಳನ್ನು ಕೂಡಿಸಿ ಆ ರೂಪ ಏರ್ಪಟ್ಟಿತು.

ಎರಡನೆಯ ಗ್ರಂಥದಲ್ಲಿ ಭಾರತದ ನಂಟಿರುವ ಒಂದು ಚಿತ್ರವೂ ಇದೆ. ಅರಮನೆಯ ಸುಂದರಿಯ ವೇಷದಲ್ಲಿ ಚಕ್ರವರ್ತಿಯನ್ನು ಮರುಳುಮಾಡಿದ ಒಂಬತ್ತು ಬಾಲಗಳ ಮಾಯಾನರಿಯ ಹೆಸರು ತಮಾಮೊ-ನೊ-ಮಾಯೆ. ಜಪಾನಿಗೆ ಬರುವ ಮೊದಲು ಈ ನರಿ ಚೀನಾದಲ್ಲಿಯೂ ‘ತೆಂಜಿಕು’ವಿನಲ್ಲಿ, ಎಂದರೆ ಭಾರತದಲ್ಲಿಯೂ, ರಾಜರನ್ನು ಕೆಡಿಸಿತ್ತು ಎಂದು ಕಥೆ ಹೇಳುತ್ತದೆ. ಭಾರತದ ಆ ರಾಜನನ್ನು ಜಪಾನೀಯರು ಹಾನ್‌ಜೊಕು ಎನ್ನುತ್ತಾರೆ. ಬೌದ್ಧಗ್ರಂಥಗಳ ಮೂಲಕ ಪೂರ್ವ ಏಷ್ಯಕ್ಕೆ ಹೋದ ಕಲ್ಮಾಷಪಾದನೇ ಈತ.

ಶ್ಲೇಷೆಯಿಂದ ಹುಟ್ಟಿದ ಜೀವಿಗಳು

ಸೆಕಿಯೆನ್ ಬಾಳಿದ ಕಾಲದಲ್ಲಿ ಎದೋ ನಗರದ ವಿದ್ಯಾವಂತರ ನಡುವೆ ಕ್ಯೋಕಾ ಎಂಬ ಹಾಸ್ಯಪದ್ಯಗಳ ಗೀಳು ಹಬ್ಬಿತ್ತು. ಮಾತಿನ ಆಟ ಅವುಗಳ ಜೀವಾಳ. ಸೆಕಿಯೆನ್ ಅದೇ ಆಟವನ್ನು ಚಿತ್ರಕ್ಕೆ ತಂದನು. ಕೆಲವು ಉದಾಹರಣೆಗಳನ್ನು ಇಲ್ಲಿ ಕೊಟ್ಟಿದೆ.

ದೊದೊಮೆಕಿ: ತೋಳಿನ ತುಂಬ ಕಣ್ಣುಗಳಿರುವ ಹೆಣ್ಣು. ನಡುವೆ ತೂತಿದ್ದ ತಾಮ್ರದ ನಾಣ್ಯಕ್ಕೆ ಜಪಾನೀ ಭಾಷೆಯಲ್ಲಿ ‘ಹಕ್ಕಿಯ ಕಣ್ಣು’ ಎಂಬ ಅಡ್ಡಹೆಸರಿತ್ತು. ಸದಾ ಹಣ ಕದಿಯುತ್ತಿದ್ದ ಈಕೆಯ ತೋಳಿಗೆ ಆ ‘ಹಕ್ಕಿಯ ಕಣ್ಣು’ಗಳೇ ಮೂಡಿದವು ಎಂಬುದು ಟಿಪ್ಪಣಿಯ ಸಾರ.

ಮೊಕುಮೊಕುರೆನ್: ಹಾಳುಮನೆಯ ಕಾಗದದ ಬಾಗಿಲುಗಳ ಚೌಕ ಚೌಕದಲ್ಲಿ ತೆರೆದಿರುವ ಕಣ್ಣುಗಳು. ಇದು ಗೋ ಎಂಬ ಮಣೆಯಾಟ ಆಡುತ್ತಿದ್ದವನ ಮನೆಯಿರಬೇಕೆಂದು ಸೆಕಿಯೆನ್ ಊಹಿಸುತ್ತಾನೆ. ಗೋ ಮಣೆಯ ಮನೆಗಳಿಗೂ ಕಣ್ಣಿಗೂ ಜಪಾನೀ ಭಾಷೆಯಲ್ಲಿ ‘ಮೆ’ ಎಂಬ ಒಂದೇ ಪದವಿರುವುದು ಇಲ್ಲಿನ ಸ್ವಾರಸ್ಯ.

ಶಾಮಿಚೋರೋ: ಹಳೆಯ ಶಾಮಿಸೆನ್ ವಾದ್ಯ ತಳೆದ ವೃದ್ಧಸನ್ಯಾಸಿಯ ರೂಪ. ‘ಶಾಮಿಯಾದವನು ಒಮ್ಮೆಗೇ ಚೋರೋ ಆಗಲಾರ’ ಎಂಬರ್ಥದ ಗಾದೆಯೊಂದು ಜಪಾನಿನಲ್ಲಿದೆ. ಶಾಮಿ ಎಂದರೆ ಹೊಸದಾಗಿ ದೀಕ್ಷೆ ಪಡೆದವನು, ಚೋರೋ ಎಂದರೆ ಹಿರಿಯ ಗುರು. ‘ಶಾಮಿ’ ಎಂಬುದು ಸಂಸ್ಕೃತದ ‘ಶ್ರಾಮಣೇರ’ ಪದದಿಂದ ಬಂದಿದೆ. ವಾದ್ಯದ ಹೆಸರಿನ ಮೊದಲ ಭಾಗವೂ ಅದೇ ಧ್ವನಿಯಾದ್ದರಿಂದ ಗಾದೆಯೇ ಒಂದು ಜೀವಿಯಾಯಿತು.

ದೊರೊತಾಬೋ: ಕೆಸರುಗದ್ದೆಯಿಂದ ಅರ್ಧಮೈ ಮೇಲೆದ್ದ ಒಕ್ಕಣ್ಣಿನ ಆಕೃತಿ. ಮಕ್ಕಳಿಗಾಗಿ ದುಡಿದು ಗದ್ದೆ ಮಾಡಿದ ಮುದುಕ ತೀರಿಕೊಂಡ ಮೇಲೆ ಮಗ ಕುಡಿತಕ್ಕೆ ಬಿದ್ದು, ಭೂಮಿ ಪರರ ಪಾಲಾಗುತ್ತದೆ. ಆಗ ಪ್ರತಿರಾತ್ರಿ ಈ ಆಕೃತಿ ಎದ್ದು ಗದ್ದೆಯನ್ನು ಹಿಂದಿರುಗಿಸುವಂತೆ ಕೂಗುತ್ತದೆ. ಕಥೆ ಕರುಣಾಜನಕವಾಗಿದ್ದರೂ, ಕೆಸರುಗದ್ದೆಯನ್ನು ದೊಣ್ಣೆಯಿಂದ ಬಡಿಯುವುದು ಎಂಬ, ವ್ಯರ್ಥ ಪ್ರಯತ್ನವನ್ನು ಸೂಚಿಸುವ ನುಡಿಗಟ್ಟು ಹೆಸರಿನಲ್ಲಿ ಅಡಗಿದೆ ಎಂದು ವಿದ್ವಾಂಸರು ತೋರಿಸಿದ್ದಾರೆ.

ತೆಂಜೋನಾಮೆ: ಮನೆಯ ಒಳಮಾಡನ್ನು ನೆಕ್ಕುವ ಎತ್ತರದ ಜೀವಿ. ಮಾಡು ಎತ್ತರವಾಗಿದ್ದರೆ ಚಳಿಗಾಲದಲ್ಲಿ ಚಳಿ ಹೆಚ್ಚು, ದೀಪದ ಬೆಳಕು ಮಂದ ಎಂದು ಕೆಂಕೋ ಬರೆದಿದ್ದನು. ಅದು ಕಟ್ಟಡದ ದೋಷವಲ್ಲ, ಈ ಜೀವಿಯದೇ ಕೆಲಸ ಎಂದು ಸೆಕಿಯೆನ್ ಗಂಭೀರವಾಗಿ ವಾದಿಸುತ್ತಾನೆ.

ಕೊನೆಯ ಗ್ರಂಥದ ಟಿಪ್ಪಣಿಗಳಲ್ಲಿ ಇವೆಲ್ಲ ಕನಸಿನಲ್ಲಿ ಹೊಳೆದವು ಎಂಬ ಅರ್ಥದ ಮಾತು ಮತ್ತೆ ಮತ್ತೆ ಬರುತ್ತದೆ. ಇದು ವರದಿಯಲ್ಲ, ಕಲ್ಪನೆ ಎಂಬುದನ್ನು ಸೆಕಿಯೆನ್ ಮರೆಮಾಚಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಶಿಷ್ಯರು

ಸ್ತ್ರೀಯರ ಚಿತ್ರಗಳಿಂದ ಜಗತ್ಪ್ರಸಿದ್ಧನಾದ ಕಿತಾಗಾವಾ ಉತಾಮಾರೊ ಸೆಕಿಯೆನ್‌ನ ಶಿಷ್ಯ. ಆತ ಮೊದಲು ಬಳಸುತ್ತಿದ್ದ ‘ತೊಯೊಆಕಿ’ ಎಂಬ ಹೆಸರಿನ ಮೊದಲ ಭಾಗ ಗುರುವಿನ ನಿಜನಾಮದಿಂದ ಬಂದಿದೆ. ಉತಾಮಾರೊ ಚಿತ್ರಿಸಿದ ಕೀಟಗಳ ಚಿತ್ರಪುಸ್ತಕ 1788ರಲ್ಲಿ, ಎಂದರೆ ಗುರು ತೀರಿಕೊಂಡ ವರ್ಷವೇ, ಪ್ರಕಟವಾಯಿತು. ಅದಕ್ಕೆ ಸೆಕಿಯೆನ್ ಹಿನ್ನುಡಿ ಬರೆದು, ಈ ಶಿಷ್ಯ ಬಾಲ್ಯದಲ್ಲಿ ಏರೋಪ್ಲೇನ್ ಚಿಟ್ಟೆಗೆ ದಾರ ಕಟ್ಟಿ ಆಡುತ್ತಿದ್ದುದನ್ನೂ ಅಂಗೈಯಲ್ಲಿ ಕೀಟಗಳನ್ನಿಟ್ಟುಕೊಂಡು ಮೈಮರೆಯುತ್ತಿದ್ದುದನ್ನೂ ನೆನೆದಿದ್ದಾನೆ. ಯಾರೂ ಕಾಣದ ಜೀವಿಗಳನ್ನು ಚಿತ್ರಿಸಿದ ಗುರು, ಕಣ್ಣೆದುರಿನ ಕೀಟಗಳನ್ನು ತದೇಕಚಿತ್ತದಿಂದ ನೋಡಿದ ಶಿಷ್ಯನನ್ನು ಮೆಚ್ಚಿಕೊಂಡ ಬರಹವಿದು. ವಿಡಂಬನ ಚಿತ್ರಪುಸ್ತಕಗಳ ಹೊಸ ಪ್ರಕಾರವನ್ನು 1775ರಲ್ಲಿ ಆರಂಭಿಸಿದ ಕೊಯಿಕಾವಾ ಹಾರುಮಾಚಿ ಹಾಗೂ ಎಯ್‌ಶೋಸಾಯ್ ಚೋಕಿ ಕೂಡ ಈತನಲ್ಲಿ ಕಲಿತವರು.

ನಂತರದ ಪ್ರಭಾವ

ಸೆಕಿಯೆನ್ ರೂಪಿಸಿದ ಆಕೃತಿಗಳು ಮುಂದಿನವರಿಗೆ ಮಾದರಿಯಾದವು. 19ನೆಯ ಶತಮಾನದಲ್ಲಿ ಹೊಕುಸಾಯ್, ಕುನಿಯೊಶಿ, ಕವಾನಾಬೆ ಕ್ಯೋಸಾಯ್ ಮೊದಲಾದವರು ಯೋಕಾಯ್ ಚಿತ್ರಗಳ ಪರಂಪರೆಯನ್ನು ಬೆಳೆಸಿದರು. 20ನೆಯ ಶತಮಾನದಲ್ಲಿ ಮಿಜುಕಿ ಶಿಗೆರು (1922–2015) ‘ಗೆಗೆಗೆ ನೊ ಕಿತಾರೊ’ ಎಂಬ ಚಿತ್ರಕಥಾಮಾಲೆಯಲ್ಲಿಯೂ ತನ್ನ ಯೋಕಾಯ್ ಕೋಶಗಳಲ್ಲಿಯೂ ಸೆಕಿಯೆನ್‌ನ ಅನೇಕ ಜೀವಿಗಳನ್ನು ಮತ್ತೆ ಚಿತ್ರಿಸಿದನು. ಮಿಜುಕಿ ಬೆಳೆದ ಸಾಕಾಯ್‌ಮಿನಾತೊ ಪಟ್ಟಣದ ಬೀದಿಯೊಂದರ ಉದ್ದಕ್ಕೂ ಈಗ ಯೋಕಾಯ್‌ಗಳ ಕಂಚಿನ ಪ್ರತಿಮೆಗಳಿವೆ. ಕಾದಂಬರಿಕಾರ ಕ್ಯೋಗೊಕು ನಾತ್ಸುಹಿಕೊ 1994ರ ‘ಉಬುಮೆ ನೊ ನಾತ್ಸು’ವಿನಿಂದ ಆರಂಭಿಸಿ ತನ್ನ ಪತ್ತೇದಾರಿ ಕಾದಂಬರಿಗಳಿಗೆ ಸೆಕಿಯೆನ್ ಚಿತ್ರಿಸಿದ ಜೀವಿಗಳ ಹೆಸರಿಟ್ಟಿದ್ದಾನೆ. ನಾಲ್ಕೂ ಗ್ರಂಥಗಳ ಇಂಗ್ಲಿಷ್ ಅನುವಾದ ಹಿರೊಕೊ ಯೋದಾ ಮತ್ತು ಮ್ಯಾಟ್ ಆಲ್ಟ್ ಅವರಿಂದ 2016ರಲ್ಲಿ ಪ್ರಕಟವಾಯಿತು.

ಜನಪದವೇ, ಕಲ್ಪನೆಯೇ?

ಯೋಕಾಯ್‌ಗಳ ಬಗೆಗೆ ಇಂದು ದೊರೆಯುವ ಪಟ್ಟಿಗಳಲ್ಲಿ ಸೆಕಿಯೆನ್‌ನ ಕಲ್ಪನೆ ಮತ್ತು ಹಳ್ಳಿಗಳಲ್ಲಿ ನಿಜವಾಗಿ ಪ್ರಚಲಿತವಿದ್ದ ನಂಬಿಕೆ ಒಂದರೊಡನೊಂದು ಬೆರೆತಿವೆ. ಚಿತ್ರಕ್ಕೆ ವಿವರಣೆಯಿಲ್ಲದ ಕಡೆ ನಂತರದವರು ವಿವರಣೆ ಸೇರಿಸಿದ್ದು ಇದಕ್ಕೆ ಮುಖ್ಯ ಕಾರಣ.

ನುರಾರಿಹ್ಯೋನ್ ಇದಕ್ಕೆ ಒಳ್ಳೆಯ ಉದಾಹರಣೆ. ಸೆಕಿಯೆನ್‌ನ ಪುಟದಲ್ಲಿರುವುದು ಪಲ್ಲಕ್ಕಿಯಿಂದಿಳಿದು ಮನೆಯೊಳಕ್ಕೆ ಕಾಲಿಡುತ್ತಿರುವ, ಉದ್ದತಲೆಯ, ಒಳ್ಳೆಯ ಉಡುಪಿನ ಮುದುಕ ಮಾತ್ರ, ಟಿಪ್ಪಣಿಯಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಲೇಖಕ ಫುಜಿಸಾವಾ ಮೊರಿಹಿಕೊ ಈ ಚಿತ್ರಕ್ಕೆ ಅಡಿಬರಹ ಬರೆಯುತ್ತಾ ಈತನನ್ನು ಯೋಕಾಯ್‌ಗಳ ಒಡೆಯನೆಂದು ಕರೆದನು. ಬಳಿಕ ಸಂಜೆಯ ಗಡಿಬಿಡಿಯಲ್ಲಿ ಮನೆಗೆ ನುಗ್ಗಿ ಯಜಮಾನನಂತೆ ಕುಳಿತು ಚಹ ಕುಡಿಯುವವನೆಂಬ ಕಥೆ ಸೇರಿತು. ಚಿತ್ರಕಥೆಗಳೂ ದೂರದರ್ಶನದ ಮಾಲಿಕೆಗಳೂ ಆತನನ್ನು ಯೋಕಾಯ್ ಸೇನೆಯ ದಂಡನಾಯಕನನ್ನಾಗಿ ಮಾಡಿದವು. ತೆಂಜೋನಾಮೆಗೂ ಹೀಗೆಯೇ ಆಯಿತು. ಕೆಂಕೋನ ಮಾತಿಗೆ ಕೊಟ್ಟ ಹಾಸ್ಯದ ಉತ್ತರವಾಗಿದ್ದ ಅದು, ಮಾಡಿನ ಮೇಲಿನ ಕಲೆಗಳಿಗೆ ಕಾರಣವೆಂದು ಹಿಂದಿನವರು ನಂಬಿದ್ದ ಜೀವಿಯೆಂದು ಆಧುನಿಕ ಪುಸ್ತಕಗಳಲ್ಲಿ ವರ್ಣಿತವಾಯಿತು.

ಆದ್ದರಿಂದ ಸೆಕಿಯೆನ್‌ನ ಗ್ರಂಥಗಳನ್ನು ಜಪಾನೀ ಜನಪದದ ನೇರ ದಾಖಲೆಯೆಂದು ಓದಿದರೆ ತಪ್ಪು ನಿರ್ಣಯಗಳಿಗೆ ಎಡೆಯಾಗುತ್ತದೆ. ಒಂದು ಜೀವಿಯ ಪ್ರಾಚೀನತೆಯನ್ನು ತಿಳಿಯಬೇಕಾದರೆ ಅದು 1776ಕ್ಕೆ ಮೊದಲಿನ ಕಥೆ, ಸುರುಳಿಚಿತ್ರ ಅಥವಾ ಕೋಶಗಳಲ್ಲಿ ಕಾಣಿಸುತ್ತದೆಯೇ ಎಂದು ಪರಿಶೀಲಿಸಬೇಕು. ಕಪ್ಪಾ, ತೆಂಗು, ಮಾಯಾನರಿ ಈ ಪರೀಕ್ಷೆಯಲ್ಲಿ ನಿಲ್ಲುತ್ತವೆ. ಅಕಾನಾಮೆಯನ್ನು ಹೋಲುವ ಜೀವಿಯ ಉಲ್ಲೇಖ 1686ರ ಗ್ರಂಥವೊಂದರಲ್ಲಿಯೇ ಇದೆ. ಶಾಮಿಚೋರೋ, ತೆಂಜೋನಾಮೆಗಳಂಥವು ಸೆಕಿಯೆನ್‌ನ ಪುಟದಲ್ಲಿಯೇ ಹುಟ್ಟಿದವು. ಆದರೂ ಚಿತ್ರ, ಹೆಸರು, ವಾಸಸ್ಥಾನಗಳನ್ನು ಒಂದೇ ಪುಟದಲ್ಲಿ ಕೂಡಿಸಿದ ಆತನ ಕ್ರಮ ಎಷ್ಟು ಗಟ್ಟಿಯಾಗಿತ್ತೆಂದರೆ, ಈ ಎರಡು ಬಗೆಯ ಜೀವಿಗಳೂ ಇಂದು ಜಪಾನಿನ ಮಕ್ಕಳಿಗೆ ಸಮಾನವಾಗಿ ಪರಿಚಿತವಾಗಿವೆ.